ಮಂಗಳವಾರದ ಅನ್ನದ ಘಮ

ಆ ಮಂಗಳವಾರ ಸಂಜೆ ಹಿತ್ತಲ ಬಾಗಿಲು ತೆಗೆದಾಗ ಮೂಗಿಗೆ ಬಡಿದದ್ದು ಆಗತಾನೇ ಬಸಿದ ಸಣ್ಣಕ್ಕಿ ಅನ್ನದ ಘಮ. ನನಗೆ ಮೊದಲು ಹೊಳೆದದ್ದು ಇಷ್ಟೇ: ನನ್ನ ವಾರಗಿತ್ತಿ ಹರಕೆ ಮುರಿದಳು.

ಹರಕೆ ಅವಳದೇ. ಹಿಂದೆ ಗರ್ಭ ನಿಲ್ಲದೆ ನೊಂದಿದ್ದ ಅವಳ ಮಗಳಿಗೆ ಈ ಸಲ ತಿಂಗಳು ತುಂಬುತ್ತಿತ್ತು. ಹೆರಿಗೆ ಆಗುವವರೆಗೆ ಮಂಗಳವಾರ ನಮ್ಮ ಮನೆಯಲ್ಲಿ ಅನ್ನ ಬೇಯುವುದಿಲ್ಲವೆಂದು ಘಾಟಿಗೆ ಹೋಗಿ ಸುಬ್ರಹ್ಮಣ್ಯಸ್ವಾಮಿಯ ಮುಂದೆ ಹೇಳಿಕೊಂಡು ಬಂದಿದ್ದಳು. ನಾನೂ ಒಪ್ಪಿದ್ದೆ. ಅಣ್ಣತಮ್ಮಂದಿರನ್ನು ಮದುವೆಯಾಗಿ ದೊಡ್ಡಬಳ್ಳಾಪುರದ ಈ ಮನೆಗೆ ಬಂದವರು ನಾವು. ಗಂಡಂದಿರು ತೀರಿಕೊಂಡ ಮೇಲೂ ಒಲೆ ಬೇರೆ ಮಾಡಿಕೊಂಡಿರಲಿಲ್ಲ.

ಸೈಲೆಂಟಾಗಿ ಎವಿಡೆನ್ಸ್ ಹುಡುಕತೊಡಗಿದೆ. ಬಚ್ಚಲ ಒಲೆಯ ಬೂದಿ ಬೆಚ್ಚಗಿತ್ತು. ಅದು ಸ್ನಾನದ ನೀರಿನದೇ ಇರಬಹುದು, ಆದರೆ ಅನುಮಾನಕ್ಕೆ ಅಷ್ಟು ಸಾಕು. ರಾತ್ರಿ ಅವಳು ಅರ್ಧ ಮುದ್ದೆಗೇ ಕೈ ತೊಳೆದಳು. ಹೊಟ್ಟೆ ತುಂಬಿರಬೇಕು ಎಂದುಕೊಂಡೆ.

ಅವಳ ಕಣ್ಣು ನನ್ನ ತಟ್ಟೆಯ ಮೇಲೆಯೇ ಇತ್ತು.

"ಯಾಕಕ್ಕಾ, ನೀವೂ ಮುದ್ದೆ ಮುಟ್ಟಲೇ ಇಲ್ಲ? ರೂಮಲ್ಲಿ ಆಗ್ಲೇ ಏನಾದ್ರೂ ಆಯ್ತಾ?"

ಟೀ ಕಾಯಿಸಲೆಂದು ನನ್ನ ರೂಮಿನಲ್ಲೊಂದು ಇಂಡಕ್ಷನ್ ಸ್ಟವ್ ಇದೆ. ಮಾತು ಎಲ್ಲಿಗೆ ಹೋಗುತ್ತಿದೆಯೆಂದು ಅರ್ಥವಾಯಿತು. "ನನಗ್ಯಾಕೇ ಅಂಥ ಕರ್ಮ?" ಎಂದೆ.

"ಅಲ್ಲ, ಕಾನ್ವೆಂಟಲ್ಲಿ ಓದಿದೋರು. ಹರಕೆ ಗಿರಕೆ ಎಲ್ಲ ನಿಮಗೆ ತಮಾಷೆ."

ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಮಾರಲ್ ಸೈನ್ಸ್ ಈ ವಯಸ್ಸಿನಲ್ಲಿ ನನ್ನ ಮೇಲೇ ತಿರುಗೀತೆಂದು ನಾನೆಂದೂ ಎಣಿಸಿರಲಿಲ್ಲ. ಮುಂದಿನ ಮಂಗಳವಾರವೂ ಅದೇ ಘಮ. ಮರುದಿನ ಬೆಳಿಗ್ಗೆ ಅವಳು ತನ್ನ ಪಾತ್ರೆಗಳನ್ನು ವರಾಂಡದ ಮೂಲೆಗೆ ಒಯ್ದಿಟ್ಟಳು.

"ಮಗಳು ಹೆರೋವರ್ಗೂ ನಾನು ಬೇರೆ ಬೇಯಿಸ್ಕೋತೀನಿ ಅಕ್ಕಾ. ಅವಳಿಗೆ ಏನಾದ್ರೂ ಆಗ್ಬಿಟ್ರೆ ನಿಮ್ಮ ಮುಖ ಹೆಂಗೆ ನೋಡ್ಲಿ?"

ಆ ವಾರವೆಲ್ಲ ನನ್ನ ಸಾರಿಗೆ ರುಚಿಯೇ ಇರಲಿಲ್ಲ. ಒಗ್ಗರಣೆ ಯಾವಾಗಲೂ ಅವಳದು.

ಮತ್ತೆ ಮಂಗಳವಾರ ಬಂತು. ಬಾಶೆಟ್ಟಿಹಳ್ಳಿ ಫ್ಯಾಕ್ಟರಿಯ ಶಿಫ್ಟ್ ಬಸ್ಸು ಹಾದುಹೋದ ಮೇಲೆ ಕರೆಂಟು ಹೋಯಿತು. ಟಾರ್ಚ್ ಹಿಡಿದು, ಮನೆಯ ಎಡಕ್ಕೆ ಗೋಡೆ ಸವರಿಕೊಂಡು ಬಚ್ಚಲ ಕಡೆ ನಡೆದೆ, ಅವಳನ್ನು ಹಿಡಿಯಲು. ಮೂಲೆ ತಿರುಗಿದರೆ ಎದುರಿಗೇ ಅವಳು! ನನ್ನ ಕಿಟಕಿ ಇಣುಕಲೆಂದು ಬಲಗಡೆಯಿಂದ ಸುತ್ತಿಕೊಂಡು ಬಂದಿದ್ದಳು.

"ಸಿಕ್ಕಿಬಿದ್ರಾ?"

"ಸಿಕ್ಕಿದ್ದು ನೀನು ಕಣೇ!"

ಆಗ ನಮ್ಮಿಬ್ಬರ ತಲೆಯ ಮೇಲಿಂದ ಪರಂಗಿ ಸಿಪ್ಪೆಯೊಂದು ಬಿತ್ತು. ಟಾರ್ಚ್ ಮೇಲೆತ್ತಿದೆ. ಪರಂಗಿ ಮರದಲ್ಲಿ, ಹಣ್ಣಾದ ಕಾಯಿಯೊಳಗೆ ಮೂತಿ ತೂರಿಸಿ ಕೂತಿತ್ತು ಪುನುಗಿನ ಬೆಕ್ಕು. ಉದ್ದ ಬಾಲ, ಕಪ್ಪು ಮುಖವಾಡ ಕಟ್ಟಿದಂಥ ಮುಖ, ಕಣ್ಣಿನ ಸುತ್ತ ಬಿಳಿ ಮಚ್ಚೆ. ನಾವೇ ಕದಿಯಲು ಬಂದವರು ಎಂಬಂತೆ ನಮ್ಮನ್ನು ನೋಡಿತು. ಅವಸರವಿಲ್ಲದೆ ಬಚ್ಚಲ ಸಜ್ಜಕ್ಕೆ ಇಳಿದು, ಹಿಂಭಾಗವನ್ನು ಅಂಚಿಗೆ ಚೆನ್ನಾಗಿ ಉಜ್ಜಿ, ಹೆಂಚಿನ ಮೇಲೆ ಮಾಯವಾಯಿತು.

ಹಿಂದೆಯೇ ಬಂತು ಘಮ. ಬಿಸಿ ಬಿಸಿ ಸಣ್ಣಕ್ಕಿ ಅನ್ನ!

ವಾರಗಿತ್ತಿ ಸೆರಗಿನಿಂದ ಮೂಗು ಮುಚ್ಚಿ, ಮತ್ತೆ ತೆಗೆದು, ಮತ್ತೆ ಮೂಸಿದಳು. "ಅಯ್ಯೋ, ಅದರ ತಿಕದಲ್ಲಿ ಅನ್ನ ಬೇಯ್ತದಾ?"

"ಆದರೆ ಮಂಗಳವಾರವೇ ಯಾಕೆ ಬರುತ್ತೆ?" ನನಗಿನ್ನೂ ಡೌಟು.

ಅವಳೇ ಯೋಚಿಸಿ ಹೇಳಿದಳು. "ದಿನಾ ಬರ್ತಿತ್ತೇನೋ ಅಕ್ಕಾ. ಬೇರೆ ದಿನ ನಮ್ಮನೇಲೇ ಅನ್ನ ಬೇಯ್ತಿರ್ತದಲ್ಲ, ಯಾರಿಗೆ ಗೊತ್ತಾಗ್ತದೆ?"

ಹಿತ್ತಲ ಹಿಂದಿನ ಹುಣಸೆ ತೋಪು ಕಡಿದು ಸೈಟು ಮಾಡಿದ ಮೇಲೆ ಪಾಪ ಅದಾದರೂ ಎಲ್ಲಿಗೆ ಹೋಗಬೇಕು? ಆ ತೋಪಿನ ನೆರಳಲ್ಲೇ ನಾವಿಬ್ಬರೂ ಹೊಸ ಸೊಸೆಯರಾಗಿ ಅಕ್ಕಿ ಆರಿಸುತ್ತಿದ್ದೆವು.

ಕರೆಂಟು ಬಂದ ಮೇಲೆ ಅವಳು ವರಾಂಡದಿಂದ ಪಾತ್ರೆಗಳನ್ನು ಒಂದೊಂದಾಗಿ ಅಡುಗೆಮನೆಗೆ ತಂದಳು. ನಾನು ಮುದ್ದೆಗೆ ಎಸರಿಟ್ಟೆ. ಅವಳು ಸಾರಿಗೆ ಒಗ್ಗರಣೆ ಹಾಕಿ, ಮುದ್ದೆ ಕಟ್ಟಿದಳು. ಊಟಕ್ಕೆ ಕೂರುವ ಮುಂಚೆ ಸುಮ್ಮನೆ ಎಂಬಂತೆ ನನ್ನ ಬಲಗೈ ಹಿಡಿದು ಮೂಗಿನ ಹತ್ತಿರ ತಂದುಕೊಂಡಳು.

"ಏನೇ ಅದು?"

"ಏನಿಲ್ಲ ಅಕ್ಕಾ."

ನಾನೂ ಅವಳ ಕೈ ಮೂಸಿದೆ. ಬರೀ ರಾಗಿ ಹಿಟ್ಟಿನ ವಾಸನೆ.