ಬೆವರು ನಿಂತ ಮಧ್ಯಾಹ್ನ

ಮದುವೆಯಾದ ಮರುವರ್ಷ ನಾವು ಸಾಗರದಲ್ಲಿ, ಆಟದ ಮೈದಾನದ ಹಿಂದಿನ ಬಾಡಿಗೆ ಮನೆಯಲ್ಲಿದ್ದೆವು. ನನ್ನವರು ಲಿಂಗನಮಕ್ಕಿ ಅಣೆಕಟ್ಟೆಯ ಕೆಲಸದಲ್ಲಿ ಮೆಕ್ಯಾನಿಕ್. ಕಟ್ಟೆ ಕೆಲಸಕ್ಕೆ ಎಲ್ಲೆಲ್ಲಿಂದಲೋ ಬಂದವರು ಸೇರಿ ಒಂದು ಫುಟ್‌ಬಾಲ್ ತಂಡ ಕಟ್ಟಿಕೊಂಡಿದ್ದರು. ತೀರ್ಥಹಳ್ಳಿಯ ಹೊಳೆದಂಡೆಯ ಮರಳಲ್ಲಿ ಆಡಿ ಬೆಳೆದ ನನ್ನವರಿಗೆ ಅದರಲ್ಲಿ ದೊಡ್ಡ ಹೆಸರು.

ಆ ಬೇಸಿಗೆಯಲ್ಲಿ ಊರಿನವರು ದೊಡ್ಡ ಟೂರ್ನಮೆಂಟ್ ಇಟ್ಟರು. ಮಳೆ ಹಿಡಿದರೆ ಮೈದಾನ ಕೆಸರಾಗುತ್ತದೆಂದು ಮೇ ತಿಂಗಳನ್ನೇ ಆರಿಸಿದ್ದರು. ಆ ಸಲ ಭರಣಿ ಮಳೆ ಕೈಕೊಟ್ಟಿತ್ತು. ಬಾವಿಯ ತಳ ಕಾಣುತ್ತಿತ್ತು. ಮಧ್ಯಾಹ್ನ ಅಂಗಳಕ್ಕೆ ಬರಿಗಾಲಲ್ಲಿ ಇಳಿಯುವ ಹಾಗಿರಲಿಲ್ಲ. ದೂರದ ತಂಡದವರಿಗೆ ಸಂಜೆಯ ಬಸ್ಸು ಸಿಗಬೇಕೆಂದು ಆಟವನ್ನು ಉರಿಬಿಸಿಲಲ್ಲೇ ಶುರುಮಾಡುತ್ತಿದ್ದರು.

ಸೆಮಿಫೈನಲ್ ದಿನ ಬಯಲುಸೀಮೆಯ ತಂಡದ ಆಟಗಾರನೊಬ್ಬ ಓಡುತ್ತಲೇ ಕುಸಿದುಬಿದ್ದ. ಹತ್ತಿರವೆಂದು ಅವನನ್ನು ನಮ್ಮ ಜಗಲಿಗೇ ಹೊತ್ತು ತಂದರು. ಮೈ ಕಾದ ಕಾವಲಿಯ ಹಾಗಿತ್ತು, ಒಂದು ಹನಿ ಬೆವರಿರಲಿಲ್ಲ. ಕಣ್ಣು ಬಿಟ್ಟುಕೊಂಡೇ ಏನೇನೋ ಬಡಬಡಿಸುತ್ತಿದ್ದ.

"ಬೆವರು ನಿಂತುಹೋಗಿದೆ. ಮೊದ್ಲು ನೀರು ಸುರೀರಿ, ಮೈ ತಣ್ಣಗಾಗ್ಲಿ," ಎಂದು ಆಟ ನೋಡಲು ಬಂದಿದ್ದ ಊರಿನ ಡಾಕ್ಟರು ಕೂಗಿದರು. ಅವನೇನೋ ಉಳಿದ. ಆದರೆ ಯಾರನ್ನೂ ಗುರುತಿಸದ ಆ ನೋಟ ನನ್ನ ತಲೆಯಿಂದ ಹೋಗಲಿಲ್ಲ. ಆಗ ನಾನು ಬಸುರಿ. ಎರಡು ರಾತ್ರಿ ಸರಿಯಾಗಿ ನಿದ್ದೆಯಿಲ್ಲ.

ಭಾನುವಾರ ನನ್ನವರ ತಂಡದ ಫೈನಲ್. ಊಟಕ್ಕೆ ಕೂತಾಗ ಹೇಳಿದೆ, "ಈ ಬಿಸ್ಲಲ್ಲಿ ಆಡ್ಬೇಡಿ. ನಂಗೆ ಹೆದ್ರಿಕೆ ಆಗ್ತದೆ."

"ಎಂತ ಆಗಲ್ಲ ಮಾರಾಯ್ತಿ. ಇಡೀ ದಿನ ಬಂಡೆ ಮೇಲೆ ನಿಂತು ಕೆಲ್ಸ ಮಾಡೋನು ನಾನು."

"ಅವ್ನೂ ಮನೇಲಿ ಹಂಗೇ ಹೇಳಿ ಬಂದಿರ್ತಾನೆ."

ಅವರು ಬೂಟಿನ ದಾರ ಬಿಗಿದುಕೊಂಡು ಹೊರಟರು.

ನಾನು ಪಕ್ಕದ ಮನೆಯ ಅಕ್ಕನ ಜೊತೆ ಹೆಂಗಸರ ಚಪ್ಪರದಲ್ಲಿ ಕೂತೆ. ಎಲ್ಲರೂ ಚೆಂಡು ನೋಡುತ್ತಿದ್ದರೆ ನಾನು ನನ್ನವರ ಬೆನ್ನು ನೋಡುತ್ತಿದ್ದೆ. ಮೊದಲರ್ಧದಲ್ಲಿ ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ವಿರಾಮ ಕಳೆದು ಸ್ವಲ್ಪ ಹೊತ್ತಿಗೆ ಅದು ಒಣಗಿ ಗಾಳಿಗೆ ಹಾರಾಡತೊಡಗಿತು. ಅಷ್ಟರಲ್ಲಿ ಕಾಲಿಗೆ ಸಿಕ್ಕ ಚೆಂಡನ್ನು ಅವರು ತಮ್ಮದೇ ಗೋಲಿನ ಕಡೆ ಒದ್ದುಕೊಂಡು ಓಡಿದರು. ಜನ ಹೋ ಎಂದು ನಕ್ಕರು.

ಕುಡಿಯಲು ಇಟ್ಟಿದ್ದ ನೀರಿನ ಕೊಡವನ್ನು ಸೊಂಟಕ್ಕೆ ಎತ್ತಿಕೊಂಡೆ.

"ಎಲ್ಲಿಗೆ ಹೋಗ್ತೀಯೇ? ಬಸ್ರಿ ಹೆಂಗ್ಸು, ಗಂಡಸ್ರ ಮಧ್ಯೆ!" ಅಕ್ಕ ಸೆರಗು ಹಿಡಿದೆಳೆದಳು. ಬಿಡಿಸಿಕೊಂಡು ನಡೆದೆ. ರೆಫ್ರಿ ಸೀಟಿ ಊದುತ್ತಲೇ ಇದ್ದ, ಜನ ಶಿಳ್ಳೆ ಹಾಕುತ್ತಿದ್ದರು. ನನ್ನವರು ಗೋಲಿನ ಕಂಬ ಹಿಡಿದು ನಿಂತಿದ್ದರು. ಕೊಡದ ನೀರನ್ನೆಲ್ಲ ಅವರ ತಲೆಯ ಮೇಲೆ ಸುರಿದೆ.

ಅವರು ನನ್ನನ್ನೇ ನೋಡಿದರು. "ಅಮ್ಮಾ, ಗದ್ದೆಗೆ ನೀರು ಬಂತಾ?" ಎಂದರು.

ನಮ್ಮ ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು. ನಾನು ಕಿರುಚಿಕೊಂಡೆ. ಸೀಟಿ, ಶಿಳ್ಳೆ ಎಲ್ಲ ನಿಂತು ಮೈದಾನ ಒಮ್ಮೆಗೇ ಸುಮ್ಮನಾಯಿತು.

ಎದುರು ತಂಡದ ಕ್ಯಾಪ್ಟನ್ನೇ ಮೊದಲು ಓಡಿಬಂದ. ನಾಲ್ಕು ಜನ ಹೊತ್ತು ಮರದ ನೆರಳಿಗೆ ತಂದರು. ಹೆಂಗಸರು ಕೊಡ ಕೊಡ ನೀರು ತಂದು ಸುರಿದರು. ಐಸ್‌ಕ್ಯಾಂಡಿ ಮಾರುವವನು ತನ್ನ ಪೆಟ್ಟಿಗೆಯನ್ನೇ ಅವರ ಮೇಲೆ ಬೋರಲು ಹಾಕಿದ. ಕ್ಯಾಂಡಿಯ ಕೆಂಪು ಬಣ್ಣ ಕರಗಿ ಕತ್ತು, ಎದೆಯೆಲ್ಲ ಹರಿಯಿತು. ಅದು ರಕ್ತವಲ್ಲವೆಂದು ಗೊತ್ತಿದ್ದೂ ನೋಡಲಾಗದೆ ಕಣ್ಣು ಮುಚ್ಚಿಕೊಂಡೆ.

ಸಂಜೆ ಆಸ್ಪತ್ರೆಯ ಮಂಚದ ಪಕ್ಕ ಕೂತಿದ್ದಾಗ ಅವರು ಕಣ್ಣು ತೆರೆದು, "ನೀನೆಂತಕ್ಕೆ ಅಳ್ತಾ ಕೂತಿದೀಯ?" ಎಂದರು. ನಾನು ಮಂಚದ ಅಂಚಿಗೆ ತಲೆಯಿಟ್ಟು ಇನ್ನೂ ಜೋರಾಗಿ ಬಿಕ್ಕಿದೆ. ನರ್ಸಮ್ಮ ನನ್ನನ್ನೂ ಮಲಗಿಸಬೇಕಾಯಿತು.

ಫೈನಲ್ ಮತ್ತೆ ನಡೆಯಲಿಲ್ಲ. ಗಂಡಸರ ಆಟಕ್ಕೆ ನುಗ್ಗಿದವಳೆಂದು ಪೇಟೆಯಲ್ಲಿ ಕೆಲವು ದಿನ ನನ್ನನ್ನು ಬೆರಳು ಮಾಡಿ ತೋರಿಸಿದರು. ಮರುವರ್ಷದಿಂದ ಆಟ ಬೆಳಗ್ಗೆಗೆ ಬಂತು, ನನ್ನವರೂ ಆಡಿದರು. ನಾನು ಮಗನನ್ನು ಮಡಿಲಲ್ಲಿಟ್ಟುಕೊಂಡು ಮನೆಯಲ್ಲೇ ಕೂತು ಕೇಳುತ್ತಿದ್ದೆ. ಜನರ ಕೂಗು ಕೇಳುತ್ತಿದ್ದಷ್ಟು ಹೊತ್ತು ಪರವಾಗಿಲ್ಲ. ಮೈದಾನ ಒಮ್ಮೆಗೇ ಸುಮ್ಮನಾಯಿತೆಂದರೆ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಓಡುತ್ತಿದ್ದೆ.