ಬೀಜದ ದಿಬ್ಬವನ್ನು ನಕ್ಷೆಗೆ ಏರಿಸಿದ್ದು

ಕೋವಿಡ್ ಬಂದ್ ಮುಗಿದ ಮರುವರ್ಷದ ಮಾತು. ನಾನಾಗ ಚಿಪ್ಪುಜೀವಿಗಳ ಅಧ್ಯಯನ ಯೋಜನೆಯೊಂದರಲ್ಲಿ ಹಿರಿಯ ಜೀವಶಾಸ್ತ್ರಜ್ಞೆಯಾಗಿದ್ದೆ. ಭಟ್ಕಳದಿಂದ ಕುಮಟಾದವರೆಗಿನ ಅಳಿವೆಗಳು ನನ್ನ ಪಾಲಿಗೆ ಬಂದಿದ್ದವು, ವಾಸ ಹೊನ್ನಾವರದಲ್ಲಿ. ನಿವೃತ್ತಿಗೆ ಇನ್ನು ಮೂರು ವರ್ಷವಿತ್ತು. ಕೆಲಸದ ಮಟ್ಟಿಗೆ ನಾನು ಬಲು ಕಟ್ಟುನಿಟ್ಟು. ಕಿರಿಯರು ದಾಖಲೆಯಲ್ಲಿ ‘ಸುಮಾರು’ ಎಂದು ಬರೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಗುಣವನ್ನು ದೊಡ್ಡದೆಂದು ನಂಬಿಯೇ ಅಷ್ಟು ವರ್ಷ ಕಳೆದಿದ್ದೆ.

ಅಘನಾಶಿನಿಯಲ್ಲಿ ನನ್ನ ಕೆಲಸ ಬಳಚಿನದು. ಬಳಚು ಎಂದರೆ ಅಳಿವೆಯ ಮರಳು-ಕೆಸರಿನಲ್ಲಿ ಹುದುಗಿರುವ ಎರಡು ಚಿಪ್ಪಿನ ಜೀವಿ. ಇಳಿತದ ಹೊತ್ತಿಗೆ ಹೆಂಗಸರು ಸೊಂಟಮಟ್ಟದ ನೀರಿಗಿಳಿದು, ಕಾಲಲ್ಲಿ ತಡಕಿ, ಕೈಯಲ್ಲಿ ಎತ್ತಿ ಬುಟ್ಟಿ ತುಂಬುತ್ತಾರೆ. ಆ ಬುಟ್ಟಿಗಳಿಂದ ನೂರು ಚಿಪ್ಪು ತೆಗೆದುಕೊಂಡು ವರ್ನಿಯರ್ ಕ್ಯಾಲಿಪರ್‌ನಲ್ಲಿ ಉದ್ದ ಅಳೆಯುತ್ತಿದ್ದೆ. ಕೆಲವನ್ನು ಒಡೆದು ಗೊನಾಡ್, ಅಂದರೆ ಸಂತಾನಕ್ಕೆ ಬೇಕಾದ ಅಂಗ, ಎಷ್ಟು ಬಲಿತಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೆ. ನಾನೋ ಸಂತೆಗುಳಿ ಕಡೆಯ, ಮೀನು ಮುಟ್ಟದ ಮನೆಯವಳು. ಬಾಯಿಗಿಡದ ವಸ್ತುವನ್ನು ಇಷ್ಟು ಆಸೆಯಿಂದ ಅಳೆಯುವವರನ್ನು ಕಂಡೇ ಇಲ್ಲವೆಂದು ಹೆಂಗಸರು ಚೇಷ್ಟೆ ಮಾಡುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಮಾದೇವಿ. ವಯಸ್ಸು ಐವತ್ತು ದಾಟಿತ್ತು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಬಳಚಿನಿಂದಲೇ ಸಾಕಿ ಮದುವೆ ಮಾಡಿದವಳು. ನನಗೆ ಅವಳು ಮಾದೇವಕ್ಕ; ಅವಳಿಗೆ ನಾನು ಅಕ್ಕೋರು, ಶಾಲೆಯ ಟೀಚರನ್ನು ಕರೆಯುವ ಹಾಗೆ.

ಆ ಮಳೆಗಾಲ ನದಿಗೆ ದೊಡ್ಡ ನೆರೆ ಬಂತು. ಬಳಚಿಗೆ ಉಪ್ಪುನೀರು ಬೇಕು. ಸಿಹಿನೀರು ನುಗ್ಗಿದರೆ ಕೆಲವು ದಿನ ಚಿಪ್ಪು ಬಿಗಿದುಕೊಂಡು ಕಾಯುತ್ತದೆ; ನೀರು ಇಳಿಯದಿದ್ದರೆ ಬಾಯಿಬಿಟ್ಟು ಸಾಯುತ್ತದೆ. ನೆರೆ ಇಳಿದ ಮೇಲೆ ಒಂದು ಮೀಟರ್ ಚೌಕಟ್ಟು ಇಟ್ಟು ಹತ್ತು ಕಡೆ ಅಗೆದೆ. ಜೀವವಿದ್ದ ಒಂದೂ ಸಿಗಲಿಲ್ಲ. ಬಳಚು ನೆಲೆಸುವ ಈ ಹಾಸು ಚೇತರಿಸಿಕೊಳ್ಳಲು ಮೂರು-ನಾಲ್ಕು ವರ್ಷವಾದರೂ ಬೇಕು ಎಂದು ಬೇಸರದಿಂದ ಹೇಳಿದೆ.

ಮಾದೇವಕ್ಕ ನನ್ನ ಮುಖ ನೋಡಿದಳು. “ಎಂತಕ್ಕೆ ಅಷ್ಟು ವರ್ಷ? ಬೀಜ ಅದೆಯಲ್ಲ” ಎಂದಳು.

ಅಮಾವಾಸ್ಯೆಯ ದೊಡ್ಡ ಇಳಿತದ ದಿನ ಬೆಳಿಗ್ಗೆ ಆರೇಳು ಹೆಂಗಸರ ಜೊತೆ ನನ್ನನ್ನೂ ದೋಣಿಗೆ ಹತ್ತಿಸಿಕೊಂಡಳು. ನದಿ ಕಡಲು ಸೇರುವಲ್ಲಿ ಬಂಡೆಗಳ ಮರೆಗೆ ಒಂದು ದಿಬ್ಬವಿತ್ತು. ಅಲ್ಲಿ ತಳದ ನೀರು ನೆರೆಯಲ್ಲೂ ಉಪ್ಪಾಗಿಯೇ ಉಳಿಯುತ್ತದೆ. ಕೈ ಹಾಕಿದರೆ ಬಳಚು, ಒಂದರ ಮೇಲೊಂದು. ಅಳೆದ ಯಾವುದೂ ನಲವತ್ತೈದು ಮಿಲಿಮೀಟರಿಗೆ ಕಡಿಮೆ ಇರಲಿಲ್ಲ. ಗೊನಾಡ್ ತುಂಬಿಕೊಂಡ ತಾಯಿ ಬಳಚುಗಳು.

ಆ ದಿಬ್ಬಕ್ಕೆ ಒಂದು ಕಟ್ಟುಪಾಡಿತ್ತು. ತಿನ್ನಲು, ಮಾರಲು ಅಲ್ಲಿಂದ ಒಂದು ಚಿಪ್ಪನ್ನೂ ಎತ್ತುವಂತಿಲ್ಲ. ನೆರೆಗೆ ಹಾಸು ಸತ್ತ ವರ್ಷ ಮಾತ್ರ ಮನೆಗೊಂದು ಬುಟ್ಟಿ ತುಂಬಿಕೊಂಡು ಹೋಗಿ ಸತ್ತ ಹಾಸಿನ ಮೇಲೆ ಬಿತ್ತಬೇಕು. ಅಂದು ಅವರು ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಭತ್ತ ಬಿತ್ತುವವರಂತೆ ಬಳಚು ಚೆಲ್ಲುತ್ತಾ ನಡೆದರು. ನಮ್ಮ ಪುಸ್ತಕಗಳಲ್ಲಿ ಇದಕ್ಕೆ ರಿಲೇಯಿಂಗ್ ಎನ್ನುತ್ತಾರೆ. ನಾನು ಅದನ್ನು ಓದಿದ್ದೆ. ಇವರು ತಲೆತಲಾಂತರದಿಂದ ಮಾಡುತ್ತಿದ್ದರು.

“ಇದ್ನ ಯಾರಿಗೂ ಹೇಳೂದಲ್ಲ ಅಕ್ಕೋರೆ. ನಮ್ಮನೆ ಗಂಡಸ್ರಿಗೂ ನಾವು ಹೇಳೂದಿಲ್ಲ” ಎಂದಳು ಮಾದೇವಕ್ಕ. ನಾನು ಆತು ಎಂದೆ.

ಮರುವರ್ಷ ಅದೇ ಹಾಸಿನಲ್ಲಿ ಚೌಕಟ್ಟು ಇಟ್ಟಾಗ ಉಗುರಿನಷ್ಟು ಚಿಕ್ಕ ಬಳಚುಗಳು ಕೈತುಂಬ ಬಂದವು. ಅಷ್ಟು ಸಂತೋಷ ಸೇವೆಯಲ್ಲಿ ನನಗೆ ಮತ್ತೆಂದೂ ಆಗಿಲ್ಲ. ಅದರ ಬೆನ್ನಿಗೇ ಹೆದರಿಕೆ ಹುಟ್ಟಿತು. ಮರಳು ತೆಗೆಯುವವರ ಕಣ್ಣಿಗೋ ಹೊರಗಿನ ವ್ಯಾಪಾರಿಗಳ ಕಣ್ಣಿಗೋ ದಿಬ್ಬ ಬಿದ್ದರೆ? ಕಾನೂನಿನ ರಕ್ಷಣೆ ಬೇಕೆಂದು, ಅಲ್ಲಿ ಬಳಚು ಹಿಡಿಯುವುದನ್ನು ನಿಷೇಧಿಸಲು ಮೀನುಗಾರಿಕೆ ಇಲಾಖೆಗೆ ಪ್ರಸ್ತಾವನೆ ಬರೆದೆ. ಜಾಗ ಹೇಳಲಿಲ್ಲ. ಜಾಗವೇ ಗೊತ್ತಿಲ್ಲದೆ ನಿಷೇಧ ಯಾವುದಕ್ಕೆ ಎಂಬ ಪ್ರಶ್ನೆಯೊಂದಿಗೆ ಅದು ಹಿಂದಿರುಗಿತು.

ಪ್ರಶ್ನೆ ನ್ಯಾಯವಾದದ್ದೇ. ಒಂದು ವಾರ ಒದ್ದಾಡಿದೆ. ಮಾದೇವಕ್ಕನನ್ನು ಕೇಳಬಹುದಿತ್ತು. ಅವಳ ಉತ್ತರ ಗೊತ್ತಿದ್ದುದರಿಂದಲೇ ಕೇಳಲಿಲ್ಲ. ದಿಬ್ಬಕ್ಕೆ ಹೋದ ಬೆಳಿಗ್ಗೆಯೇ ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡಿದ್ದ ಅಕ್ಷಾಂಶ, ರೇಖಾಂಶಗಳನ್ನು ದಶಾಂಶದ ಮುಂದೆ ಆರು ಅಂಕಿಗಳವರೆಗೆ ಬರೆದೆ. ಆರು ಅಂಕಿ ಎಂದರೆ ಒಂದು ಗೇಣಿನೊಳಗಿನ ಲೆಕ್ಕ. ನಿಷೇಧದ ಕರಡು ಆದೇಶವನ್ನು ಆಕ್ಷೇಪಣೆಗಾಗಿ ಜನರ ಮುಂದಿಡಬೇಕೆಂದು ನನಗೆ ಗೊತ್ತಿತ್ತು. ಅನುಬಂಧದ ನಕ್ಷೆ ಕಡತದೊಳಗೇ ಉಳಿಯುತ್ತದೆ ಎಂದುಕೊಂಡಿದ್ದೆ. ಉಳಿಯಲಿಲ್ಲ, ನೋಟೀಸ್ ಬೋರ್ಡಿಗೂ ಬಂತು, ವೆಬ್‌ಸೈಟಿಗೂ ಬಂತು.

ಮೂರನೆಯ ವಾರ ಮಾದೇವಕ್ಕನ ಫೋನು. ಬನ್ನಿ ಎಂದಷ್ಟೇ ಹೇಳಿ ಇಟ್ಟಳು. ಹೋದಾಗ ದಿಬ್ಬದ ಮೇಲೆ ಹನ್ನೊಂದು ದೋಣಿಗಳು ನಿಂತು ಕಬ್ಬಿಣದ ಹಲ್ಲಿನ ಬಲೆಯಲ್ಲಿ ತಳ ಗೋರುತ್ತಿದ್ದವು. ಎಲ್ಲವೂ ಬೇರೆ ಊರಿನವು. ನಿಲ್ಲಿಸಿ ಎಂದು ಕೂಗಿದೆ. ಒಬ್ಬ ಮರ್ಯಾದೆಯಿಂದಲೇ ಮೊಬೈಲ್ ತೋರಿಸಿದ. ಅದರಲ್ಲಿದ್ದದ್ದು ನನ್ನ ನಕ್ಷೆ. “ನಿಷೇಧ ಇನ್ನೂ ಬಂದಿಲ್ಲ ಅಲ್ವಾ ಮೇಡಂ?” ಎಂದ. ಬಂದಿರಲಿಲ್ಲ. ದಡಕ್ಕೆ ಬಂದವಳೇ ಮೂರು ಕಚೇರಿಗೆ ಫೋನು ಮಾಡಿದೆ. ಆದೇಶವಿಲ್ಲದೆ ತಡೆಯಲು ಬರುವುದಿಲ್ಲ ಎಂದರು ಎಲ್ಲರೂ. ಒಂಬತ್ತು ದಿನಗಳಾದ ಮೇಲೆ ಚೌಕಟ್ಟು ಇಟ್ಟು ನೋಡಿದೆ. ಒಡೆದ ಚಿಪ್ಪು, ಕೆಸರು, ಬೇರೇನಿಲ್ಲ. ನೀರಲ್ಲಿ ನಿಂತೇ ಅತ್ತೆ.

ಹೊರಗಿನವಳನ್ನು ದಿಬ್ಬಕ್ಕೆ ಕರೆದೊಯ್ದವರು ಯಾರೆಂದು ಹೆಂಗಸರಿಗೆ ಗೊತ್ತಿತ್ತು. ಅವರು ನನ್ನನ್ನು ಬೈಯಲಿಲ್ಲ, ಮಾದೇವಕ್ಕನೊಡನೆ ಮಾತು ಬಿಟ್ಟರು. ಬಳಚಿಗೆ ಹೋಗುವ ದೋಣಿಯಲ್ಲಿ ಅವಳಿಗೆ ಜಾಗ ಸಿಗದಾಯಿತು. ಮುಂದಿನ ಮಳೆಗಾಲ ಮತ್ತೆ ನೆರೆ ಬಂದು ಹಾಸು ಸತ್ತಿತು. ಈ ಸಲ ಬಿತ್ತಲು ಎಲ್ಲಿಯೂ ಬೀಜವಿರಲಿಲ್ಲ. ನಿಷೇಧದ ಆದೇಶ ಬಂದದ್ದು ಅದಾದ ಮೇಲೆ. ದಿಬ್ಬ ಈಗ ಸಂರಕ್ಷಿತ ಪ್ರದೇಶ. ಸಂರಕ್ಷಿಸಲು ಅಲ್ಲಿ ಏನೂ ಇಲ್ಲ.

ನಿವೃತ್ತಿಯ ಹಿಂದಿನ ತಿಂಗಳು ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಮಾದೇವಕ್ಕ ಕಂಡಳು. ಸಿಗಡಿ ಸುಲಿಯುವ ಶೆಡ್ಡಿಗೆ ದಿನಾ ಬಂದು ಹೋಗುತ್ತಾಳಂತೆ. ಮಂಜುಗಡ್ಡೆಯಲ್ಲಿ ನೆನೆದು ಬೆರಳುಗಳು ಬಿರಿದಿದ್ದವು. ನಾನು ಕ್ಷಮೆ ಕೇಳಿದೆ. ದಿಬ್ಬವನ್ನು ಉಳಿಸಲೆಂದೇ ಬರೆದದ್ದು ಎಂದೆ. ಅವಳಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ.

“ನೀವು ಕದ್ದಿದ್ರೆ ಒಂದ್ ಬುಟ್ಟಿ ಹೋಗ್ತಿತ್ತು ಅಕ್ಕೋರೆ” ಎಂದಳು. “ಬರ್ದ್ರಿ, ಎಲ್ಲಾ ಹೋತು.”

ಕಾಯುವ ಅಧಿಕಾರ ಕೈಯಲ್ಲಿಲ್ಲದವರು ಜಾಗದ ಗುರುತು ಹೇಳಬಾರದು. ಕೆಲಸ ನನಗೆ ಕಲಿಸಿದ್ದು ಇದೊಂದನ್ನೇ. ಅಘನಾಶಿನಿಯ ಹೆಂಗಸರು ಇದನ್ನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ನನಗೆ ಮೂವತ್ತು ವರ್ಷದ ಸೇವೆ ಬೇಕಾಯಿತು, ಅವರ ದಿಬ್ಬವೂ ಬೇಕಾಯಿತು.