ಅಂಗೈ ಕಾರಿನ ಎತ್ತರ

ಹುಮನಾಬಾದಿನ ನಮ್ಮ ನೆರೆಮನೆಯವರು ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ಬಿಡುವಿನಲ್ಲಿ ಅಂಗೈಯಗಲದ ಸ್ಪೋರ್ಟ್ಸ್ ಕಾರು ಕಟ್ಟುತ್ತಿದ್ದರು. ಹಸಿ ಬಣ್ಣದ ಮೇಲೆ ಧೂಳು ಕೂರಬಾರದೆಂದು ಬೇಸಿಗೆಯಲ್ಲೂ ಮನೆಯವರಿಗೆ ಫ್ಯಾನು ಹಾಕಗೊಡುತ್ತಿರಲಿಲ್ಲ. “ಗಾಡಿ ಅಂದ್ರ ಓಡಬೇಕ್ರಿ,” ಎನ್ನುವುದು ಅವರ ಮಾತು. ಆ ಕಾರುಗಳಿಗೆ ಎಂಜಿನ್ನೇ ಇರಲಿಲ್ಲ.

ಹೈದರಾಬಾದಿನ ಮಾದರಿ ಕಾರುಗಳ ಸ್ಪರ್ಧೆಗೆಂದು ವರ್ಷವಿಡೀ ಒಂದು ಕೆಂಪು ಕಾರು ಕಟ್ಟಿದರು. ನೆಲಕ್ಕಂಟಿದಂತೆ ತಗ್ಗಾಗಿರಬೇಕಾದ ಅದನ್ನು, ಹೊರಡುವ ಮುನ್ನ ದೊಡ್ಡ ಚಕ್ರ ಹಾಕಿ ಎತ್ತರಿಸಿಬಿಟ್ಟರು.

ಯಾಕೆಂದು ಕೇಳಿದೆ. “ಇಷ್ಟ್ ತಗ್ಗಿದ್ರ ಹೈದರಾಬಾದಿನ ರೋಡಿನಾಗ ಹಂಪ್ಸಿಗಿ ಹೊಟ್ಟಿ ಬಡೀತದ್ರಿ.”

ಅಸಲಿನಂತಿಲ್ಲವೆಂದು ತೀರ್ಪುಗಾರರು ಅದನ್ನು ಹೊರಗಿಟ್ಟರು. ಕಾರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮರಳಿದವರನ್ನು ಹೆಂಡತಿ ಬಾಗಿಲಲ್ಲೇ ಕೇಳಿದರು, “ಬಹುಮಾನ ಹೋಯ್ತೇನ್ರಿ?”

“ಹೋಗ್ಲಿ ಬಿಡು. ಅಷ್ಟು ದೂರ ಹೋಗಿ ಬಂದ್ರೂ ಗಾಡಿ ತಳಕ್ಕ ಒಂದ್ ಗೆರಿ ಬಿದ್ದಿಲ್ಲ, ನೋಡು.”